ಆಷಾಢದಲ್ಲಿ ಅಚ್ಚು ಹಾಕಿಸಿದೆ, ದುಡ್ಡು ವಾಪಸ್ ಬಂತು

ಪುಸ್ತಕವನ್ನು ದಾವಣಗೆರೆಯಲ್ಲೇ ಅಚ್ಚು ಹಾಕಿಸುತ್ತೇನೆ ಎಂದಾಗ ಬರೆಯುವ ಗೆಳೆಯರು ಯಾರೂ ಒಪ್ಪಲಿಲ್ಲ. ‘ಇಲ್ಲಿ ಮದುವೆ ಕಾರ್ಡು, ಬಿಲ್ ಬುಕ್ಕು ಆಗ್ತವೆ. ಪುಸ್ತಕಕ್ಕೆ ಬೆಂಗಳೂರೇ ಸರಿ’ ಎಂದರು. ಈಗ 500 ಪ್ರತಿಯಲ್ಲಿ ನಲವತ್ತು ಚಿಲ್ಲರೆ ಉಳಿದಿವೆ. ಹಾಕಿದ್ದು ವಾಪಸ್ ಬಂದು ಮೇಲೂ ಒಂದಿಷ್ಟು ಸಿಕ್ಕಿದೆ.

ಪುಸ್ತಕ ನಮ್ಮ ಸುತ್ತಲಿನ ಕೆರೆಗಳದ್ದು, ಸೂಳೆಕೆರೆಯಿಂದ ಭೀಮಸಮುದ್ರದವರೆಗೆ. ಮೊದಲು ಒಬ್ಬ ಪ್ರಕಾಶಕರು 55 ಸಾವಿರದ ಪ್ಯಾಕೇಜ್ ಹೇಳಿದರು. ನನಗೆ 100 ಪ್ರತಿ, ಉಳಿದದ್ದು ಅವರ ಗೋಡೌನಿಗೆ. ದುಡ್ಡು ನನ್ನದು, ಪುಸ್ತಕ ಅವರದ್ದು! ಬೇಡ ಎಂದೆ. ಬೇಕಾದಷ್ಟೇ ಪ್ರತಿ ಅಚ್ಚು ಹಾಕಿಕೊಡುವ ಪ್ರಿಂಟ್ ಆನ್ ಡಿಮ್ಯಾಂಡ್‌ನಲ್ಲಿ ಹತ್ತು ಪ್ರತಿ ತೆಗೆಸಿ ನೋಡಿದೆ. ಒಂದಕ್ಕೆ 140ರ ಹತ್ತಿರ ಬಿತ್ತು. ಮುಖಬೆಲೆ 180, ಅಂಗಡಿಗೆ ಶೇ 40 ಕಮಿಷನ್ ಹೋದರೆ ಕೈಗೆ 108. ಅಂದ್ರೆ ಪ್ರತಿ ಪುಸ್ತಕಕ್ಕೂ 30 ರೂಪಾಯಿ ನಾನೇ ಕಟ್ಟಬೇಕು.

ಪ್ಲೇಟು ಮಾಡಿಸಿ ಎಲ್ಲ ಪ್ರತಿ ಒಟ್ಟಿಗೇ ಅಚ್ಚು ಹಾಕುವ ಆಫ್‌ಸೆಟ್‌ಗೇ ಬಂದೆ. ಪುಸ್ತಕದ ಅಳತೆ ಡೆಮಿ 1/8, ಒಂದು ಫಾರಂಗೆ, ಅಂದ್ರೆ ಅಚ್ಚಾದ ಮೇಲೆ ಮಡಚುವ ಒಂದು ದೊಡ್ಡ ಹಾಳೆಗೆ, 16 ಪುಟ. ಲೇಔಟ್ 150 ಪುಟ ಬಂದಿತ್ತು, ಬಿಗಿ ಮಾಡಿ 144ಕ್ಕೆ ಇಳಿಸಿದೆ. ಸರಿಯಾಗಿ ಒಂಬತ್ತು ಫಾರಂ. ಆ ಆರು ಪುಟ ಹಾಗೇ ಉಳಿಸಿಕೊಂಡಿದ್ದರೆ ಇನ್ನೊಂದು ಜೊತೆ ಪ್ಲೇಟು, ಇನ್ನೊಂದು ರೀಮು ಕಾಗದ ಬೇಕಾಗುತ್ತಿತ್ತು.

ಲೇಔಟ್ ನಾನೇ ಮಾಡಿದ್ದು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ತಿರುಗಿಸಿ, ಪುಟ ಜೋಡಿಸುವ ಇನ್‌ಡಿಸೈನ್‌ಗೆ ಹಾಕಿದರೆ ಒತ್ತಕ್ಷರಗಳೆಲ್ಲ ಕೆಳಗಿಳಿಯದೆ ಪಕ್ಕಕ್ಕೆ ನಿಂತವು. ಅದರಲ್ಲೇ ಇರುವ ವರ್ಲ್ಡ್ ರೆಡಿ ಕಂಪೋಸರ್ ಎಂಬ ಸೆಟ್ಟಿಂಗ್ ಆನ್ ಮಾಡಿದ ಮೇಲೆ ಸರಿಹೋಯಿತು. ಅರ್ಕಾವತ್ತು ಮಾತ್ರ ಅಲ್ಲಲ್ಲಿ ಜಾಗ ತಪ್ಪಿತ್ತು. ಅವನ್ನು ಒಟ್ಟಿಗೆ ಹಿಡಿಯುವ ಉಪಾಯ ಒಂದಿದೆ, ಅದು ನನ್ನ ಹತ್ತಿರವೇ ಇರಲಿ.

ಐಎಸ್‌ಬಿಎನ್‌ಗೆ, ಅಂದ್ರೆ ಪುಸ್ತಕದ ಗುರುತಿನ ಸಂಖ್ಯೆಗೆ, ಯಾರಿಗೂ ದುಡ್ಡು ಕೊಡಬೇಡಿ. ಒಬ್ಬ ಏಜೆಂಟ್ 2,500 ಕೇಳಿದ್ದ. ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಏಜೆನ್ಸಿ ಅದನ್ನು ಪುಕ್ಕಟೆ ಕೊಡುತ್ತದೆ, ಲೇಖಕರೇ ಆನ್‌ಲೈನ್ ಅರ್ಜಿ ಹಾಕಬಹುದು.

ನನ್ನ ಲೆಕ್ಕಾಚಾರದ ಜೀವಾಳ ಆಷಾಢ. ಮದುವೆ ಸೀಸನ್‌ನಲ್ಲಿ ಇಲ್ಲಿನ ಪ್ರೆಸ್‌ಗಳು ಮಾತೂ ಆಡಿಸುವುದಿಲ್ಲ. ಆಷಾಢ ಬಂತೆಂದರೆ ಮಷೀನ್ ಖಾಲಿ. ಪ್ಲೇಟು, ಪ್ರಿಂಟಿಂಗ್ ಸೇರಿ ಮೊದಲು 12 ಸಾವಿರ ಹೇಳಿದವರು 8ಕ್ಕೆ ಇಳಿದರು. 70 ಜಿಎಸ್‌ಎಂ ತೂಕದ ಮ್ಯಾಪ್ಲಿಥೋ ಕಾಗದ ನಾನೇ ಕೊಂಡೆ. ವೇಸ್ಟೇಜ್ ಸೇರಿ ಹತ್ತು ರೀಮು, ಒಂಬತ್ತೂವರೆ ಸಾವಿರ. ಯಾವ ವ್ಯಾಪಾರಿ ಎಂದು ಮಾತ್ರ ಕೇಳಬೇಡಿ. ಮುಖಪುಟದ ಚಿತ್ರಕ್ಕೆ ಮೂರೂವರೆ, ಅದರ ಪ್ರಿಂಟು ಲ್ಯಾಮಿನೇಷನ್‌ಗೆ ಆರು, ಪ್ರೂಫ್ ನೋಡಿದವರಿಗೆ ಮೂರು ಸಾವಿರ. ಪ್ರೂಫ್‌ನಲ್ಲಿ ಚೌಕಾಸಿ ಮಾಡಲೇಬಾರದು.

ಪೆಟ್ಟು ಬಿದ್ದದ್ದು ಬೈಂಡಿಂಗ್‌ನಲ್ಲಿ. ಮಳೆಗಾಲದ ತೇವಕ್ಕೋ, ಅಂಟು ತೆಳುವಾಗಿತ್ತೋ, ಮೊದಲ ಐವತ್ತರಷ್ಟು ಪ್ರತಿಗಳಲ್ಲಿ 64ನೇ ಪುಟದ ಹತ್ತಿರ ಬಿಡಿಸಿದರೆ ಬೆನ್ನು ‘ಚಟ್’ ಎಂದು ಸೀಳಿ ನಾಲ್ಕೈದು ಹಾಳೆ ಕೈಗೇ ಬರುತ್ತಿದ್ದವು. ಬೈಂಡರ್ ‘ಎಲ್ಲ ಪುಸ್ತಕನೂ ಹಿಂಗೇ ಸರ್’ ಎಂದ. ಕೆಲಸ ನಿಲ್ಲಿಸಿ, ಮಡಚಿಟ್ಟಿದ್ದ ಉಳಿದ ಫಾರಂಗಳನ್ನು ಬೇರೆಯವರ ಹತ್ತಿರ ದಾರದ ಹೊಲಿಗೆ ಹಾಕಿಸಿದೆ. ಪ್ರತಿಗೆ ಐದು ರೂಪಾಯಿ ಜಾಸ್ತಿ. ಬೈಂಡಿಂಗೇ ಏಳು ಸಾವಿರ ತಿಂದಿತು. ಆದರೆ ಈಗ ಪುಸ್ತಕ ಮೇಜಿನ ಮೇಲೆ ಪೂರ್ತಿ ಅಗಲವಾಗಿ ಬಿಚ್ಚಿಕೊಳ್ಳುತ್ತದೆ. ಆ ಬೆಲೆಗೆ ಅಂಥ ಪುಸ್ತಕ ಬೆಂಗಳೂರಲ್ಲೂ ಸಿಗಲ್ಲ. ಒಟ್ಟು 37 ಸಾವಿರ, ಪ್ರತಿಗೆ 74ರ ಆಸುಪಾಸು.

ಪ್ರೆಸ್‌ಗೆ ಕೊಡುವ ಮುಂಚೆಯೇ ವಾಟ್ಸಾಪ್‌ನಲ್ಲಿ ಅಂಚೆ ಸೇರಿ 150ಕ್ಕೆ ಮುಂಗಡ ತೆಗೆದುಕೊಂಡೆ. ಇನ್ನೂರರಷ್ಟು ಜನ ಹಾಕಿದರು, 30 ಸಾವಿರ ಕೈಗೆ ಬಂತು. 2024ರ ಡಿಸೆಂಬರ್‌ನಲ್ಲಿ ಪುಸ್ತಕಗಳನ್ನು ಕಡಿಮೆ ದರಕ್ಕೆ ಕಳಿಸುತ್ತಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಂತಾಗ ಅಂಚೆ ಖರ್ಚು ಹೇಗಪ್ಪಾ ಎನ್ನಿಸಿತ್ತು. 2025ರ ಮೇ 1ರಿಂದ ಪುಸ್ತಕಗಳಿಗೆಂದೇ ಇರುವ ಜ್ಞಾನ ಪೋಸ್ಟ್ ಸೇವೆ ಬಂದದ್ದು ಉಳಿಸಿತು. 300 ಗ್ರಾಂವರೆಗೆ 20 ರೂಪಾಯಿ, ಮೇಲೆ ತೆರಿಗೆ. ನನ್ನದು ಕವರ್ ಸೇರಿ 200 ಗ್ರಾಂ.

ಬಿಡುಗಡೆ ಸಮಾರಂಭ ಮಾಡಲಿಲ್ಲ. ಹಾಲ್ ಬಾಡಿಗೆ, ಶಾಲು, ಊಟ ಎಂದು 20 ಸಾವಿರ ಸುಮ್ನೆ ಹೋಗುತ್ತೆ ಅಲ್ವಾ? ಅದರ ಬದಲು ಚನ್ನಗಿರಿ ಕಡೆಯ ಎರಡು ಗೊಬ್ಬರದ ಅಂಗಡಿಗಳಲ್ಲಿ ಗಲ್ಲಾ ಪಕ್ಕ ಹತ್ತತ್ತು ಪ್ರತಿ ಇಟ್ಟು ನೋಡಿದೆ. ಅಡಿಕೆ ತೋಟದವರು ತಮ್ಮೂರಿನ ಕೆರೆ ಹೆಸರು ಹುಡುಕಿ ಕೊಂಡರು. ಅಂಗಡಿಯವರಿಗೆ ಪ್ರತಿಗೆ 20 ರೂಪಾಯಿ. ಅಲ್ಲೇ 120ರಷ್ಟು ಹೋದವು. ಪುಸ್ತಕದಂಗಡಿಗಳಿಗೆ ಕೊಟ್ಟದ್ದು ಅದರ ಅರ್ಧ, ಆ ದುಡ್ಡಿನಲ್ಲಿ ಅರ್ಧ ಇನ್ನೂ ಬರಬೇಕು.

ಎರಡನೇ ಮುದ್ರಣಕ್ಕೆ ಬೆಲೆ 200 ಇಡುತ್ತೇನೆ. ಈ ಸಲ ಎಲ್ಲಕ್ಕೂ ದಾರದ ಹೊಲಿಗೆ. ಗೊಬ್ಬರದ ಅಂಗಡಿಯವರು ಈಗಲೇ ಐವತ್ತು ಪ್ರತಿ ಹೇಳಿಟ್ಟಿದ್ದಾರೆ.