ಸೌಂಡ್ ಚಿಪ್ ಸತ್ತಿರಲಿಲ್ಲ: ಕರೆಂಟ್ ಹೋಗಿ ಸಿಸ್ಟಮ್ ಕ್ರ್ಯಾಶ್ ಆದ ಮೇಲೆ ಸದ್ದು ವಾಪಸ್ ತಂದ ನನ್ನ ಅನುಭವ

ನನ್ನ ಮದರ್‌ಬೋರ್ಡಿನ ಸೌಂಡ್ ಚಿಪ್ ಹೋಗಿದೆ ಎಂದು ನೋಡಿದವರೆಲ್ಲ ಹೇಳಿದ್ದರು. ಈಗ ಅದೇ ಚಿಪ್‌ನಲ್ಲಿ ದಿನಾ ರೆಕಾರ್ಡಿಂಗ್ ನಡೆಯುತ್ತಿದೆ. ಹಳೇ ಡೆಸ್ಕ್‌ಟಾಪ್ ಇಟ್ಟುಕೊಂಡವರಿಗೆ, ಅದರಲ್ಲೂ ಮನೆಯಲ್ಲಿ ಇನ್ವರ್ಟರ್ ಇರುವವರಿಗೆ ಉಪಯೋಗ ಆಗಲಿ ಎಂದು ಬರೆಯುತ್ತಿದ್ದೇನೆ. ಡ್ರೈವರ್ ಹಾಕುವುದು, ಡಿವೈಸ್ ಮ್ಯಾನೇಜರ್ ನೋಡುವುದು ನಿಮಗೆಲ್ಲ ಗೊತ್ತೇ ಇದೆ. ಅದನ್ನು ಹೇಳಲು ಹೋಗುವುದಿಲ್ಲ.

ಸಿಸ್ಟಮ್ ಹಳೆಯದು. ಇಂಟೆಲ್ ಎಚ್61 ಬೋರ್ಡ್, ರಿಯಲ್‌ಟೆಕ್ 887 ಚಿಪ್, ವಿಂಡೋಸ್ 10. ತಗೊಂಡಿದ್ದು 2013ರ ಆಸುಪಾಸಿನಲ್ಲಿ. ಅದಕ್ಕಿರುವ ಕೆಲಸ ಒಂದೇ. ನಮ್ಮ ಹೊನ್ನಾವರದ ಸುತ್ತಮುತ್ತ ಮನೆಗಳಲ್ಲಿ ಬಿದ್ದಿರುವ ಯಕ್ಷಗಾನ, ತಾಳಮದ್ದಳೆ ಕ್ಯಾಸೆಟ್‌ಗಳನ್ನು ಕಂಪ್ಯೂಟರ್‌ಗೆ ಇಳಿಸುವುದು. ಟೇಪ್ ಡೆಕ್‌ನಿಂದ ಬರುವ ವೈರ್ ಹಿಂದಿನ ನೀಲಿ ಜ್ಯಾಕ್‌ಗೆ ಹೋಗುತ್ತದೆ. ಹೊರಗಿನ ಸ್ಟೀರಿಯೋ ಸದ್ದನ್ನು ಒಳಗೆ ತಗೊಳ್ಳುವ ಆ ನೀಲಿ ‘ಲೈನ್ ಇನ್’ ಇಲ್ಲದಿದ್ದರೆ ಈ ಕೆಲಸವೇ ಇಲ್ಲ. ‘ಸೌಂಡ್ ಕಾರ್ಡ್ ಬೇರೆ ಹಾಕ್ಕೊಳ್ಳಿ’ ಎಂದವರಿಗೆ ಇದು ಅರ್ಥ ಆಗಲಿಲ್ಲ.

ಚಿತ್ತೆ ಮಳೆಯ ಗುಡುಗಿನ ದಿನಗಳು. ರೆಕಾರ್ಡಿಂಗ್ ನಡೆಯುತ್ತಿದ್ದಾಗ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಮುಗಿದು ತಿಂಗಳುಗಳೇ ಆಗಿದ್ದವು, ಸಿಪಿಯು ಅಲ್ಲೇ ಸತ್ತಿತು. ಎರಡು ಮೂರು ಸೆಕೆಂಡಿಗೆ ಕರೆಂಟ್ ಬಂತು, ಮತ್ತೆ ಹೋಯಿತು, ಮತ್ತೆ ಬಂತು. ಸಿಸ್ಟಮ್ ಆನ್ ಆಗಿ ನೀಲಿ ಪರದೆ ತೋರಿಸಿ ರೀಸ್ಟಾರ್ಟ್ ಆಯಿತು. ಅರ್ಧ ಆಗಿದ್ದ ರೆಕಾರ್ಡಿಂಗ್ ಅನ್ನು ರೆಕಾರ್ಡಿಂಗ್ ಸಾಫ್ಟ್‌ವೇರ್ ಆಡಾಸಿಟಿ ರಿಕವರ್ ಮಾಡಿಕೊಟ್ಟಿತು. ಆದರೆ ಸ್ಪೀಕರ್ ಚಿತ್ರದ ಮೇಲೆ ಕೆಂಪು ಗುರುತು. ಸದ್ದು ಇಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಟ್ರಬಲ್‌ಶೂಟರ್, ಆಡಿಯೋ ಸರ್ವಿಸ್ ರೀಸ್ಟಾರ್ಟ್, ಸಿಸ್ಟಮ್ ರಿಸ್ಟೋರ್, ಯಾವುದರಿಂದಲೂ ಪ್ರಯೋಜನ ಆಗಲಿಲ್ಲ. ರಿಯಲ್‌ಟೆಕ್ ಡ್ರೈವರ್ ತೆಗೆದು ಹಾಕಲು ಹೋದರೆ ಕೊನೆಯಲ್ಲಿ ಫೇಲ್ಯೂರ್ ಮೆಸೇಜ್. ಪರಿಚಯದ ಹುಡುಗನೊಬ್ಬ ಮನೆಗೆ ಬಂದು ಫಾರ್ಮ್ಯಾಟ್ ಹೊಡೆದ. ಆರುನೂರು ರೂಪಾಯಿ. ವಿಂಡೋಸ್ ಹೊಸದಾಯಿತು, ಸದ್ದು ಬರಲಿಲ್ಲ. ಇನ್ನೊಬ್ಬರು ಬಂದು ಕ್ಯಾಬಿನೆಟ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರು. ‘ಸಾರ್, ಸೌಂಡ್ ಐಸಿ ಹೋಗಿದೆ. ಬೋರ್ಡ್ ಚೇಂಜ್ ಮಾಡಿಬಿಡಿ, ಮೂರೂವರೆ ಸಾವಿರ ಆಗುತ್ತೆ’ ಎಂದರು. ನೋಡಿದ್ದಕ್ಕೆ ಮುನ್ನೂರು. ಬೆಂಗಳೂರಿನಲ್ಲಿರುವ ಅಕ್ಕನ ಮಗ ಫೋನಿನಲ್ಲಿ, ‘ಮಾವ, ಆ ಸಿಸ್ಟಮ್ ಬಿಟ್ಹಾಕಿ, ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಳ್ಳಿ’ ಎಂದ. ಲ್ಯಾಪ್‌ಟಾಪ್‌ನಲ್ಲಿ ನೀಲಿ ಜ್ಯಾಕ್ ಎಲ್ಲಿದೆ ಹೇಳಿ.

ನಡುವೆ ಯುಎಸ್‌ಬಿ ಸೌಂಡ್ ಡಾಂಗಲ್ ಕೂಡ ತರಿಸಿದೆ, ಇನ್ನೂರು ರೂಪಾಯಿ ಒಳಗೆ. ಕೇಳಲು ಪರವಾಗಿಲ್ಲ. ರೆಕಾರ್ಡ್ ಮಾಡಲು ಅದರಲ್ಲಿರುವುದು ಮೈಕ್ ಇನ್ ಮಾತ್ರ, ಅದೂ ಮೋನೋ. ಡೆಕ್‌ನ ಲೈನ್ ಔಟ್ ಅನ್ನು ನೇರವಾಗಿ ಕೊಟ್ಟರೆ ಚಂಡೆ ಪೆಟ್ಟು ಬಿದ್ದಾಗಲೆಲ್ಲ ಸದ್ದು ಒಡೆಯುತ್ತದೆ. ಹತ್ತು ಕೆ, ಒಂದು ಕೆ ರೆಸಿಸ್ಟರ್ ಹಾಕಿ ಮಟ್ಟ ಇಳಿಸಿದೆ. ಒಡೆಯುವುದು ನಿಂತಿತು. ಆದರೆ ಎಡಬಲ ಎರಡೂ ಒಂದಾಗಿ ಚಂಡೆಯ ಕೆಳಗೆ ಮದ್ದಳೆ ಮುಚ್ಚಿಹೋಯಿತು. ಆಟ ನಡೆಯುವ ಜಾಗದಲ್ಲಿ ಮೈಕ್ ಹಿಡಿದು ಮಾಡಿದ ಹಳೇ ಮೋನೋ ಕ್ಯಾಸೆಟ್ ಆದರೆ ಇಷ್ಟು ಸಾಕು. ಕಂಪನಿಯವರು ಬಿಟ್ಟ ಸ್ಟೀರಿಯೋ ಕ್ಯಾಸೆಟ್‌ಗೆ ಸಾಲದು.

ಈಗ ಮುಖ್ಯ ವಿಷಯ. ಇಂಥ ಬೋರ್ಡಿನಲ್ಲಿ ಸದ್ದು ಎರಡು ಭಾಗ. ಡಿಜಿಟಲ್ ಸದ್ದನ್ನು ಕಳಿಸುವ, ತಗೊಳ್ಳುವ ಕಂಟ್ರೋಲರ್ ಬೋರ್ಡಿನ ಮುಖ್ಯ ಚಿಪ್ ಆದ ಚಿಪ್‌ಸೆಟ್ ಒಳಗೇ ಇರುತ್ತದೆ. ಡಿಜಿಟಲ್ ಸದ್ದನ್ನು ಜ್ಯಾಕ್‌ಗೆ ಬೇಕಾದ ಹಾಗೆ ಬದಲಿಸುವ ಕೋಡೆಕ್ (ನನ್ನದರಲ್ಲಿ ರಿಯಲ್‌ಟೆಕ್ 887) ಬೇರೆ, ಹಿಂದಿನ ಜ್ಯಾಕ್‌ಗಳ ಹತ್ತಿರ ಕೂತಿರುವ ಚೌಕದ ಸಣ್ಣ ಐಸಿ. ಡಿವೈಸ್ ಮ್ಯಾನೇಜರ್‌ನಲ್ಲಿ ಕಂಟ್ರೋಲರ್ ಸರಿಯಾಗಿತ್ತು. ಸೌಂಡ್ ಪಟ್ಟಿಯಲ್ಲಿ ಇಂಟೆಲ್ ಡಿಸ್‌ಪ್ಲೇ ಆಡಿಯೋ ಮಾತ್ರ ಇತ್ತು, ರಿಯಲ್‌ಟೆಕ್ ಇರಲಿಲ್ಲ. ಉಬುಂಟು ಲಿನಕ್ಸ್ ಇರುವ ಪೆನ್‌ಡ್ರೈವ್ ಹಾಕಿ ಬೂಟ್ ಮಾಡಿದೆ. ಸಿಸ್ಟಮ್ ಏಳುವಾಗ ಬರೆದಿಡುವ ಕರ್ನಲ್ ಲಾಗ್‌ನಲ್ಲೂ ಮಾನಿಟರ್‌ಗೆ ಸದ್ದು ಕಳಿಸುವ ಎಚ್‌ಡಿಎಂಐ ಕೋಡೆಕ್ ಒಂದೇ. ‘ನೋಡಿ, ಲಿನಕ್ಸ್‌ನಲ್ಲೂ ಇಲ್ಲ, ಚಿಪ್ ಸತ್ತಿದೆ’ ಎಂದು ಎಲ್ಲರೂ ಇದನ್ನೇ ತೋರಿಸಿದರು. ನನಗೆ ಬೇರೆ ಕಂಡಿತು. ಈ ಬೋರ್ಡಿನಲ್ಲಿ ಎಚ್‌ಡಿಎಂಐ ಕೋಡೆಕ್ ಮತ್ತು ರಿಯಲ್‌ಟೆಕ್ ಎರಡೂ ಒಂದೇ ಕಂಟ್ರೋಲರ್‌ಗೆ ಸೇರಿವೆ. ಒಂದು ಉತ್ತರ ಕೊಡುತ್ತಿದೆ ಎಂದರೆ ದಾರಿ ಸರಿಯಿದೆ. ಇನ್ನೊಂದು ಮಾತ್ರ ಬಾಯಿ ಬಿಡುತ್ತಿಲ್ಲ. ಸತ್ತಿರಬಹುದು, ಅರ್ಧದಲ್ಲಿ ಸಿಕ್ಕಿಕೊಂಡಿರಲೂಬಹುದು.

ಕೋಡೆಕ್ ಏಳುತ್ತಿದೆಯೇ ಎಂದು ತಿಳಿಯಲು ಹೆಡ್‌ಫೋನ್ ಸಾಕು. ಹಸಿರು ಜ್ಯಾಕ್‌ಗೆ ಹಾಕಿ ಕಿವಿಗೆ ಹಿಡಿದು ಸಿಸ್ಟಮ್ ಆನ್ ಮಾಡಿ. ಕೋಡೆಕ್ ಏಳುವಾಗ ಸಾಮಾನ್ಯವಾಗಿ ‘ಟಪ್’ ಎಂದು ಸಣ್ಣ ಸದ್ದು ಬರುತ್ತದೆ. ದಿನಾ ಕೇಳುತ್ತಿದ್ದವರಿಗೆ ಗೊತ್ತು. ನನ್ನದರಲ್ಲಿ ಬರುತ್ತಿರಲಿಲ್ಲ. ಚಿಪ್ ಪಕ್ಕದ ಮೂರು ಕಾಲಿನ ರೆಗ್ಯುಲೇಟರ್‌ಗೆ ಮಲ್ಟಿಮೀಟರ್ ಹಿಡಿದರೆ ಐದು ವೋಲ್ಟ್ ಸರಿಯಾಗಿ ಬರುತ್ತಿತ್ತು. ಚಿಪ್ ಮುಟ್ಟಿದರೆ ಬಿಸಿ ಇಲ್ಲ, ಸುಟ್ಟ ಗುರುತೂ ಇಲ್ಲ. ಸಿಡಿಲು ಹೊಡೆದು ಸತ್ತ ಐಸಿ ಹೀಗೆ ಇರುವುದಿಲ್ಲ ಎಂಬುದು ನನ್ನ ನಂಬಿಕೆ.

ಸಿಕ್ಕಿಕೊಂಡಿದ್ದರೆ ಮದ್ದು ಒಂದೇ. ಪೂರ್ತಿ ಕರೆಂಟ್ ಬಿಡಿಸಬೇಕು. ಶಟ್ ಡೌನ್ ಮಾಡಿದರೂ ಎಸ್‌ಎಂಪಿಎಸ್ (ಕ್ಯಾಬಿನೆಟ್ ಒಳಗಿನ ಪವರ್ ಸಪ್ಲೈ) ನೇರಳೆ ವೈರಿನಲ್ಲಿ 5 ವೋಲ್ಟ್ ಸ್ಟ್ಯಾಂಡ್‌ಬೈ ಬಿಡುತ್ತಲೇ ಇರುತ್ತದೆ. ಹಾಗಾಗಿ ಪ್ಲಗ್ ಕಿತ್ತು, ಒಳಗೆ ಉಳಿದ ಕರೆಂಟ್ ಖಾಲಿಯಾಗಲು ಪವರ್ ಬಟನ್ ಒತ್ತಿ ಹಿಡಿಯಬೇಕು. ಇದನ್ನು ಮನೆಗೆ ಬಂದ ಇಬ್ಬರೂ ಮಾಡಿದ್ದರು, ನಾನೂ ಮಾಡಿದ್ದೆ. ಆಗಲಿಲ್ಲ. ಅದಕ್ಕೇ ಅವರಿಗೆ ಚಿಪ್ ಸತ್ತಿದೆ ಎಂದು ಗಟ್ಟಿಯಾಯಿತು.

ರಾತ್ರಿ ಲೈಟ್ ಆರಿಸಿದಾಗ ಗುಟ್ಟು ಸಿಕ್ಕಿತು. ಸಿಪಿಯು ಪ್ಲಗ್ ಗೋಡೆಯಿಂದ ಕಿತ್ತು ನೆಲದ ಮೇಲಿತ್ತು. ಕ್ಯಾಬಿನೆಟ್ ಬಾಗಿಲು ತೆಗೆದೇ ಇತ್ತು. ಬೋರ್ಡಿನ ಮೂಲೆಯಲ್ಲಿರುವ ಹಸಿರು ಸ್ಟ್ಯಾಂಡ್‌ಬೈ ಎಲ್‌ಇಡಿ ಹಗಲಿನಲ್ಲಿ ಆರಿದಂತೆಯೇ ಕಾಣುತ್ತಿತ್ತು. ಕತ್ತಲಲ್ಲಿ ನೋಡಿದರೆ ಸೂಜಿ ಮೊನೆಯಷ್ಟು ಬೆಳಕು ಇನ್ನೂ ಇತ್ತು. ಪ್ಲಗ್ ಇಲ್ಲದ ಬೋರ್ಡಿಗೆ ಕರೆಂಟ್ ಎಲ್ಲಿಂದ? ನೇರಳೆ ವೈರಿಗೂ ಕಪ್ಪು ವೈರಿಗೂ ಮಲ್ಟಿಮೀಟರ್ ಹಿಡಿದೆ. ಎರಡು ವೋಲ್ಟ್ ಹತ್ತಿರ ತೋರಿಸಿತು.

ಬರುತ್ತಿದ್ದುದು ಯುಎಸ್‌ಬಿ ಹಬ್‌ನಿಂದ. ಹಾರ್ಡ್ ಡಿಸ್ಕ್‌ಗಳಿಗಾಗಿ ಒಂದು ಯುಎಸ್‌ಬಿ ಪೋರ್ಟನ್ನು ಹಲವು ಮಾಡುವ, ಅಡಾಪ್ಟರ್ ಇರುವ ಹಬ್ ಇಟ್ಟಿದ್ದೇನೆ. ಎಷ್ಟೋ ಅಗ್ಗದ ಹಬ್‌ಗಳಲ್ಲಿ ಕರೆಂಟ್ ಹಿಂದಕ್ಕೆ ಹೋಗದಂತೆ ತಡೆ ಇರುವುದಿಲ್ಲ. ಅಡಾಪ್ಟರ್‌ನ 5 ವೋಲ್ಟ್ ಯುಎಸ್‌ಬಿ ಕೇಬಲ್ ಹಿಡಿದು ಬೋರ್ಡಿಗೇ ಹತ್ತುತ್ತದೆ. ಮೇಲಾಗಿ ಆ ಅಡಾಪ್ಟರ್ ಇದ್ದ ಪಾಯಿಂಟ್ ಇನ್ವರ್ಟರ್ ಲೈನಿನದು. ಊರಿಗೆಲ್ಲ ಕರೆಂಟ್ ಹೋದಾಗ ಸಿಪಿಯು ಸತ್ತರೂ ಹಬ್ ಸಾಯುವುದಿಲ್ಲ. ಕೋಡೆಕ್‌ಗೆ ಪೂರ್ತಿ ಕರೆಂಟೂ ಇಲ್ಲ, ಪೂರ್ತಿ ಕತ್ತಲೂ ಇಲ್ಲ. ಅದಕ್ಕೆ ಸರಿಯಾಗಿ ರೀಸೆಟ್ ಆಗುವ ಅವಕಾಶವೇ ಸಿಗಲಿಲ್ಲ. ಇದು ನನ್ನ ಲೆಕ್ಕ, ಮತ್ತು ಮುಂದೆ ಆದದ್ದು ಇದಕ್ಕೆ ಸರಿಯಾಗಿ ಕೂಡಿ ಬಂತು.

ಸಿಪಿಯುಗೆ ಸೇರಿದ ಎಲ್ಲವನ್ನೂ ಕಿತ್ತೆ. ಹಬ್, ಮಾನಿಟರ್‌ನ ಎಚ್‌ಡಿಎಂಐ, ಪ್ರಿಂಟರ್, ಆಂಪ್ಲಿಫೈಯರ್ ವೈರ್, ನೆಟ್ ಕೇಬಲ್, ಒಂದನ್ನೂ ಬಿಡಲಿಲ್ಲ. ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದೆ. ಎಲ್‌ಇಡಿ ಪೂರ್ತಿ ಆರಿತು, ನೇರಳೆ ವೈರಿನಲ್ಲಿ ಸೊನ್ನೆ. ಊಟ ಮಾಡಿ ಬಂದು ಮೊದಲು ಬರೀ ಪವರ್, ಹೆಡ್‌ಫೋನ್ ಹಾಕಿ ಆನ್ ಮಾಡಿದೆ. ಟಪ್! ಆ ಸದ್ದು ಕೇಳಿ ನಾನು ಕೂಗಿದ್ದಕ್ಕೆ ಮನೆಯವರು ಓಡಿ ಬಂದರು. ಮಾನಿಟರ್ ಹಾಕಿ, ಪೆನ್‌ಡ್ರೈವ್‌ನಿಂದ ಉಬುಂಟು ಬೂಟ್ ಮಾಡಿದೆ. ರಿಯಲ್‌ಟೆಕ್ 887 ಎಂದು ಲಾಗ್‌ನಲ್ಲಿ ಬಂತು, ಸದ್ದೂ ಬಂತು.

ವಿಂಡೋಸ್‌ಗೆ ಹೋದರೆ ಮತ್ತೆ ಕೆಂಪು ಗುರುತು! ಇಲ್ಲಿ ಬಹಳ ಜನ ಕೈ ಬಿಡುತ್ತಾರೆ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ‘ಶಟ್ ಡೌನ್’ ಎಂದರೆ ಪೂರ್ತಿ ಶಟ್ ಡೌನ್ ಅಲ್ಲ. ಕರ್ನಲ್ ಮತ್ತು ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು, ಮುಂದಿನ ಸಲ ಅದನ್ನೇ ಎತ್ತಿಕೊಳ್ಳುತ್ತದೆ. ಕೋಡೆಕ್ ಇಲ್ಲದಿದ್ದಾಗಿನ ಸ್ಥಿತಿಯೇ ಮತ್ತೆ ಬಂದಿತ್ತು. ‘ರೀಸ್ಟಾರ್ಟ್’ ಕೊಟ್ಟರೆ ಹಾಗಾಗುವುದಿಲ್ಲ, ಎಲ್ಲ ಹೊಸದಾಗಿ ಶುರುವಾಗುತ್ತದೆ. ಒಂದು ಸಲ ರೀಸ್ಟಾರ್ಟ್ ಕೊಟ್ಟೆ. ವಿಂಡೋಸ್ ತಾನೇ ಡ್ರೈವರ್ ಹಾಕಿಕೊಂಡಿತು. ಫಾಸ್ಟ್ ಸ್ಟಾರ್ಟಪ್ ಅನ್ನು ಅವತ್ತೇ ಆಫ್ ಮಾಡಿದೆ. ಡೀಫಾಲ್ಟ್ ಔಟ್‌ಪುಟ್ ಮಾನಿಟರ್‌ಗೆ ಹೋಗಿತ್ತು, ಬದಲಿಸಿದೆ. ಲೈನ್ ಇನ್‌ನ ಎನ್‌ಹಾನ್ಸ್‌ಮೆಂಟ್‌ಗಳನ್ನೂ (ಸದ್ದನ್ನು ತಾನೇ ತಿದ್ದುವ ಸೆಟ್ಟಿಂಗ್‌ಗಳು) ತೆಗೆದೆ. ಅವು ಇದ್ದರೆ ಜಾಗಟೆಯ ನಾದ ಕೊನೆಯಲ್ಲಿ ಕತ್ತರಿಸಿದ ಹಾಗೆ ನಿಲ್ಲುತ್ತದೆ.

ಅದೃಷ್ಟದಿಂದ ಸರಿಹೋಯಿತು ಎಂದನೇ ಹೊರತು ಅಕ್ಕನ ಮಗ ನನ್ನ ಲೆಕ್ಕ ಒಪ್ಪಲಿಲ್ಲ. ಹಾಗಾಗಿ ಬೇಕೆಂದೇ ಪರೀಕ್ಷೆ ಮಾಡಿದೆ. ಹಬ್ ಆನ್ ಇಟ್ಟು, ಹಾಡು ನಡೆಯುತ್ತಿರುವಾಗ ಸ್ವಿಚ್ ಬೋರ್ಡಿನಲ್ಲಿ ಸಿಪಿಯು ಆಫ್ ಮಾಡಿ ತಕ್ಷಣ ಆನ್. ಮೂರ್ನಾಲ್ಕು ಸಲಕ್ಕೊಮ್ಮೆ ಸದ್ದು ಮಾಯ. ಹಬ್ ಕಿತ್ತು ಅದನ್ನೇ ಮಾಡಿದರೆ ಒಮ್ಮೆಯೂ ಹೋಗಲಿಲ್ಲ. ವಿಡಿಯೋ ಕಳಿಸಿದ ಮೇಲೆ ‘ಒಪ್ಪಿದೆ ಮಾವ’ ಎಂದ. ಹಾರ್ಡ್ ಡಿಸ್ಕ್‌ನಲ್ಲಿ ಬೇಕಾದ ಫೈಲ್ ಇದ್ದರೆ ನೀವು ಈ ಪರೀಕ್ಷೆ ಮಾಡಬೇಡಿ. ನಾನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಹಾರ್ಡ್ ಡಿಸ್ಕ್ ಕಿತ್ತಿಟ್ಟು ಮಾಡಿದ್ದು.

ಸಿಮಾಸ್ ಬ್ಯಾಟರಿ (ಬೋರ್ಡಿನ ಸೆಟ್ಟಿಂಗ್ ಉಳಿಸುವ ಬಿಲ್ಲೆಯಂಥ ಸೆಲ್) ತೆಗೆಯಬೇಕಾ ಎಂದು ಕೇಳುತ್ತಾರೆ. ಇದಕ್ಕೆ ಬೇಕಾಗಿಲ್ಲ. ತೆಗೆದರೆ ಬಯಾಸ್ (ಬೋರ್ಡಿನ ಒಳಗಿನ ಮೂಲ ಸಾಫ್ಟ್‌ವೇರ್) ಸೆಟ್ಟಿಂಗ್ ಹೋಗಿ, ಹಳೇ ಕ್ಯಾಬಿನೆಟ್ ಇದ್ದವರಿಗೆ ಮುಂದಿನ ಜ್ಯಾಕ್ ಹಳೇ ಎಸಿ97 ಪದ್ಧತಿಯಿಂದ ಹೊಸ ಎಚ್‌ಡಿ ಆಡಿಯೋ ಪದ್ಧತಿಗೆ ತಿರುಗಿ ಇನ್ನೊಂದು ತಲೆನೋವು ಶುರುವಾಗುತ್ತದೆ.

ಈಗ ಹಬ್ ಅಡಾಪ್ಟರ್ ಸಿಪಿಯು ಇರುವ ಸ್ಟ್ರಿಪ್‌ಗೇ ಬಂದಿದೆ. ಹೋದರೆ ಎರಡೂ ಒಟ್ಟಿಗೆ ಹೋಗಬೇಕು. ಹಬ್ ಒಳಗೂ ಒಂದು ಸಣ್ಣ ಕೆಲಸ ಮಾಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬೆಸುಗೆ ಕೈ ಪಳಗಿದವರಿಗೆ ನಾನು ಹೇಳದೆಯೂ ಹೊಳೆಯುತ್ತದೆ. ಯುಪಿಎಸ್‌ಗೆ 12 ವೋಲ್ಟ್ 7 ಎಎಚ್ ಬ್ಯಾಟರಿ ಹಾಕಿಸಿದೆ, ಸಾವಿರ ರೂಪಾಯಿ ಹತ್ತಿರ. ಎಲ್ಲ ಸೇರಿ ಎರಡು ಸಾವಿರದ ಆಸುಪಾಸು ಹೋಯಿತು. ಸದ್ದು ಬಂದದ್ದು ಮಾತ್ರ ಬಿಟ್ಟಿಯಾಗಿ.

ಸಿಸ್ಟಮ್ ನಿಂತಿದ್ದ ದಿನಗಳಲ್ಲಿ ಡೆಕ್‌ನ ಸ್ಪೀಡ್ ನೋಡಿದೆ. ಭಾಗವತರ ಶ್ರುತಿ ಹಾರ್ಮೋನಿಯಂನ ಯಾವ ಮನೆಗೂ ಕೂಡುತ್ತಿರಲಿಲ್ಲ, ಬಿಳಿಗೂ ಕರಿಗೂ ನಡುವೆ ನಿಲ್ಲುತ್ತಿತ್ತು. ಅರ್ಧ ಸ್ವರ ಏರಿತು ಎಂದರೆ ಸ್ಪೀಡ್ ಶೇ. 6ರಷ್ಟು ಜಾಸ್ತಿ. ನನ್ನದು ಶೇ. 3 ಹತ್ತಿರ ಜಾಸ್ತಿ ಓಡುತ್ತಿತ್ತು. ಮೋಟಾರ್ ಹಿಂದಿನ ತೂತಿನಲ್ಲಿ ಸಣ್ಣ ಸ್ಕ್ರೂ ಡ್ರೈವರ್ ಹಾಕಿ ಕೂದಲೆಳೆಯಷ್ಟು ತಿರುಗಿಸಿದರೆ ಸಾಕಾಯಿತು. ಟೇಪ್ ಓದುವ ಹೆಡ್‌ನ ಓರೆ ಸರಿಮಾಡಲು ನನ್ನದೇ ಒಂದು ಉಪಾಯ ಇದೆ, ಅದು ಇನ್ನೊಮ್ಮೆ. ತೊಂಬತ್ತು ನಿಮಿಷದ ಸಿ90 ಕ್ಯಾಸೆಟ್ ಒಂದಕ್ಕೆ, ಸಿಡಿ ಗುಣಮಟ್ಟದ ವೇವ್ ಫೈಲ್ ಆದರೆ, 950 ಎಂಬಿಯಷ್ಟು ಜಾಗ ಹಿಡಿಯುತ್ತದೆ, ಹಾರ್ಡ್ ಡಿಸ್ಕ್ ಲೆಕ್ಕ ಹಾಕಿಕೊಳ್ಳಿ.

ಆಮೇಲೆ ಪಕ್ಕದ ಊರಿನ ಎರಡು ಸಿಸ್ಟಮ್ ನೋಡಿದೆ. ಒಂದರಲ್ಲಿ ಹಬ್ ಇರಲಿಲ್ಲ, ಸ್ವಂತ ಅಡಾಪ್ಟರ್ ಇರುವ ಹಾರ್ಡ್ ಡಿಸ್ಕ್ ಇತ್ತು. ಅದನ್ನು ಕಿತ್ತು ಇದೇ ರೀತಿ ಮಾಡಿದೆ, ಸದ್ದು ಬಂತು. ಇನ್ನೊಂದರಲ್ಲಿ ಎಲ್ಲ ಕಿತ್ತರೂ ಟಪ್ ಬರಲಿಲ್ಲ. ಕೋಡೆಕ್ ಬೆರಳಿಡಲಾಗದಷ್ಟು ಸುಡುತ್ತಿತ್ತು. ಅದು ನಿಜವಾಗಿ ಹೋದ ಚಿಪ್. ಅವರಿಗೆ ಹಾಡು ಕೇಳುವುದಷ್ಟೇ ಬೇಕಿತ್ತು. ನನ್ನ ಹತ್ತಿರ ಸುಮ್ನೆ ಬಿದ್ದಿದ್ದ ಯುಎಸ್‌ಬಿ ಡಾಂಗಲ್ ಅನ್ನೇ ಹಾಕಿಕೊಟ್ಟು, ಬಯಾಸ್‌ನಲ್ಲಿ ಆನ್‌ಬೋರ್ಡ್ ಆಡಿಯೋ ಆಫ್ ಮಾಡಿ ಬಂದೆ.