ಮುಹೂರ್ತದ ಹೊತ್ತಿಗೆ ಮೇಕಪ್ ಕಿತ್ತು ಬರಬಾರ್ದು ಅಂದ್ರೆ ಮೊದ್ಲು ಏನ್ ಹಚ್ಬೇಕು?

ಮದುವೆ ಮೇಕಪ್‌ಗೆ ಬೆಳಗಿನ ಜಾವ 4 ಗಂಟೆಗೆ ಛತ್ರಕ್ಕೆ ಹೋದ್ರೆ ನಾನು ಮೊದ್ಲು ನೋಡೋದು ಮದುಮಗಳ ಮುಖದಲ್ಲಿ ಅರಿಶಿನ ಎಷ್ಟು ಉಳ್ಕೊಂಡಿದೆ ಅಂತ. ಹಿಂದಿನ ದಿನ ಶಾಸ್ತ್ರ ಆಗಿರತ್ತೆ, ಸೋಪು ಹಾಕಿ ಉಜ್ಜಿ ಉಜ್ಜಿ ಕೆನ್ನೆ ಉರೀತಿರತ್ತೆ, ಹಳದಿ ಮಾತ್ರ ಹೋಗಿರಲ್ಲ. ಅರಿಶಿನದ ಬಣ್ಣ ನೀರಲ್ಲಿ ಕರಗಲ್ಲ, ಎಣ್ಣೆಲಿ ಕರಗತ್ತೆ. ಹತ್ತಿಗೆ ಒಂದೆರಡು ಹನಿ ಕ್ಲೆನ್ಸಿಂಗ್ ಆಯಿಲ್ (ಮೇಕಪ್ ತೆಗೆಯೋ ಎಣ್ಣೆ) ಹಾಕಿ ಮೆಲ್ಲಗೆ ಒರೆಸಿ, ಆಮೇಲೆ ಮೈಲ್ಡ್ ಫೇಸ್‌ವಾಶ್ ಮಾಡಿ, ಅಷ್ಟೇ. ಉಜ್ಜಿ ಕೆಂಪಾದ ಚರ್ಮದ ಮೇಲೆ ಎಂಥ ದುಬಾರಿ ಫೌಂಡೇಶನ್ ಹಾಕಿದ್ರೂ ಕೂರಲ್ಲ.

ನಿಮ್ಮದು ಯಾವ ಸ್ಕಿನ್?

ಮುಖ ತೊಳ್ದು ಏನೂ ಹಚ್ಚದೆ ಒಂದು ಗಂಟೆ ಬಿಡಿ. ಬಿಗಿಬಿಗಿ ಅನ್ಸಿದ್ರೆ ಡ್ರೈ, ಎಲ್ಲಾ ಕಡೆ ಹೊಳೀತಿದ್ರೆ ಆಯಿಲಿ, ಹಣೆ ಮೂಗು ಗಲ್ಲ ಮಾತ್ರ ಜಿಡ್ಡಾಗಿ ಕೆನ್ನೆ ಒಣಗಿದ್ರೆ ಕಾಂಬಿನೇಶನ್. ಊರು ಬದಲಾದ್ರೂ ಲೆಕ್ಕ ಬದಲಾಗತ್ತೆ, ಮೇ ತಿಂಗಳ ಮಂಗಳೂರಿನ ಸೆಕೆಲಿ ಜಿಡ್ಡಾಗೋ ಮುಖನೇ ಜನವರಿಲಿ ಕಲಬುರಗಿಗೆ ಹೋದ್ರೆ ಬಿರಿಯತ್ತೆ, ಹಾಗಾಗಿ ಮದುವೆ ಯಾವ ಊರಲ್ಲಿ ಅಂತ ಮೊದ್ಲೇ ಕೇಳ್ತೀನಿ.

ಮಾಯಿಶ್ಚರೈಸರ್, ಸನ್‌ಸ್ಕ್ರೀನ್

ಮುಖ ಇನ್ನೂ ಸ್ವಲ್ಪ ಒದ್ದೆ ಇರೋವಾಗ್ಲೇ ಹಚ್ಚಿ. ಡ್ರೈ ಸ್ಕಿನ್‌ಗೆ ಗ್ಲಿಸರಿನ್, ಸೆರಮೈಡ್ (ಚರ್ಮದ ತೇವ ಹಿಡಿದಿಡೋ ಕೊಬ್ಬಿನಂಶ) ಇರೋ ಕ್ರೀಮ್, ಆಯಿಲಿಗೆ ತೆಳ್ಳಗಿನ ಜೆಲ್. ಆಯಿಲಿ ಸ್ಕಿನ್‌ನವ್ರು "ನಂಗೆ ಬೇಡ" ಅಂತ ಬಿಟ್ಬಿಡ್ತಾರೆ, ಆದ್ರೆ ಜಿಡ್ಡು ಬೇರೆ ನೀರಿನಂಶ ಬೇರೆ, ಮೇಲೆ ಹೊಳೀತಿದ್ರೂ ಒಳಗೆ ಒಣಗಿರಬಹುದು.

ಆಮೇಲೆ ಸನ್‌ಸ್ಕ್ರೀನ್, ಮುಖ ಕತ್ತು ಸೇರಿ ಎರಡು ಬೆರಳುದ್ದ. ಎಸ್‌ಪಿಎಫ್ (ಬಿಸಿಲಿಂದ ಎಷ್ಟು ರಕ್ಷಣೆ ಅನ್ನೋ ಅಳತೆ) 30 ಇರೋದನ್ನ ಸರಿಯಾಗಿ ಹಚ್ಚಿದ್ರೆ ಚರ್ಮ ಸುಡೋ ಯುವಿಬಿ ಕಿರಣಗಳನ್ನ ಸುಮಾರು 97% ತಡೆಯತ್ತೆ, 50 ಆದ್ರೆ 98%. ಫೌಂಡೇಶನ್ನಲ್ಲೇ ಎಸ್‌ಪಿಎಫ್ ಇದೆ ಅಂತ ನಂಬ್ಕೊಂಡು ಇದನ್ನ ಬಿಡ್ಬೇಡಿ, ಅಷ್ಟು ಫೌಂಡೇಶನ್ ಯಾರೂ ಹಚ್ಚಲ್ಲ. ರಾತ್ರಿ ರಿಸೆಪ್ಶನ್‌ಗೆ ಮಾತ್ರ ಸನ್‌ಸ್ಕ್ರೀನ್ ಬೇಡ. ಝಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಜಾಸ್ತಿ ಇರೋದನ್ನ ಹಚ್ಚಿದ್ರೆ ಫ್ಲಾಶ್ ಬಿದ್ದಾಗ ಫೋಟೋದಲ್ಲಿ ಮುಖ ಬೂದಿ ಬಳಿದ ಹಾಗೆ ಬರಬಹುದು, ಅದೂ ನಮ್ಮ ಗೋಧಿಬಣ್ಣ, ಕಪ್ಪುಬಣ್ಣದ ಮೈಮೇಲೆ ಇನ್ನೂ ಎದ್ದು ಕಾಣತ್ತೆ.

ಇಷ್ಟು ಹಚ್ಚಿ 10 ನಿಮಿಷ ಸುಮ್ನೆ ಕೂತ್ಕೊಳಿ

ಜನ ಎಡವೋದೇ ಇಲ್ಲಿ. ಫೌಂಡೇಶನ್ ಹಚ್ತಿದ್ದ ಹಾಗೆ ರಬ್ಬರ್ ಉಜ್ಜಿದ ಪುಡಿ ಥರ ಉದುರತ್ತಲ್ಲ, ಅದಕ್ಕೆ ಎರಡು ಕಾರಣ ಜಾಸ್ತಿ, ಒಂದು ಕೆಳಗಿನ ಪದರ ಒಣಗಿರಲ್ಲ, ಇನ್ನೊಂದು ಕೆಳಗಿನದಕ್ಕೂ ಮೇಲಿನದಕ್ಕೂ ಹೊಂದಲ್ಲ. ಟ್ಯೂಬ್ ಹಿಂದೆ ಓದಿ. ಮೊದಮೊದಲಲ್ಲೇ ಡೈಮೆಥಿಕೋನ್ ಥರ "ಕೋನ್" ಅಂತ ಮುಗಿಯೋ ಹೆಸರಿದ್ರೆ ಅದು ಹೆಚ್ಚಾಗಿ ಸಿಲಿಕೋನ್ ಬೇಸ್. ಸಿಲಿಕೋನ್ ಪ್ರೈಮರ್ (ಫೌಂಡೇಶನ್‌ಗೆ ಮುಂಚೆ ಹಚ್ಚೋ ಪದರ) ಮೇಲೆ ಸಿಲಿಕೋನ್ ಫೌಂಡೇಶನ್, ವಾಟರ್ ಬೇಸ್ ಮೇಲೆ ವಾಟರ್ ಬೇಸ್ ಹಾಕಿ ನೋಡಿ, ಉದುರೋದು ಕಮ್ಮಿ ಆಗತ್ತೆ. ಹಚ್ಚೋವಾಗ ಎಳೀಬೇಡಿ, ಒದ್ದೆ ಸ್ಪಂಜಲ್ಲಿ ತಟ್ಟಿ.

ಈಗ ಮೇಕಪ್

ಆಯಿಲಿಗೆ ಮ್ಯಾಟ್ (ಹೊಳಪಿಲ್ಲದ) ಫೌಂಡೇಶನ್, ಹಣೆ ಮೂಗಿನ ಮೇಲೆ ಪೌಡರ್, ಹೊಳಪು ಬಂದಾಗ ಮೊದ್ಲು ಟಿಶ್ಯೂನಲ್ಲಿ ಒತ್ತಿ ತೆಗೀರಿ, ಪೌಡರ್ ಮೇಲೆ ಪೌಡರ್ ಮೆತ್ಬೇಡಿ. ಡ್ರೈಗೆ ಡ್ಯೂಯಿ (ತೇವದ ಹೊಳಪಿರೋ) ಫೌಂಡೇಶನ್, ಕ್ರೀಮ್ ಬ್ಲಶ್, ಪೌಡರ್ ಕಣ್ಣ ಕೆಳಗೆ ಸ್ವಲ್ಪ ಮಾತ್ರ. ಶೇಡ್ ನೋಡೋದು ದವಡೆ ಮೇಲೆ, ಹಗಲು ಬೆಳಕಲ್ಲಿ, ಹಚ್ಚಿ ಕಾಲು ಗಂಟೆ ಬಿಟ್ಟು, ಯಾಕಂದ್ರೆ ಎಷ್ಟೋ ಫೌಂಡೇಶನ್ ಒಣಗಿದ್ಮೇಲೆ ಒಂದು ಶೇಡ್ ಕಪ್ಪಾಗತ್ತೆ. ದಯವಿಟ್ಟು ಬೆಳ್ಳಗೆ ಕಾಣ್ಬೇಕು ಅಂತ ಎರಡು ಶೇಡ್ ತಿಳಿ ತಗೋಬೇಡಿ, ಅಮ್ಮ ಅತ್ತೆ ಯಾರು ಹೇಳಿದ್ರೂ ಸರಿ, ನಿಮ್ಮ ಬಣ್ಣ ಚೆನ್ನಾಗಿದೆ.

ಸೆನ್ಸಿಟಿವ್ ಸ್ಕಿನ್‌ನವ್ರು ಹೊಸದೇನೇ ಇದ್ರೂ ಎರಡು ದಿನ ಮುಂಚೆ ಕಿವಿ ಹಿಂದೆ ಹಚ್ಚಿ ನೋಡಿ. ಹಿಂದಿನ ದಿನ ಬ್ಲೀಚ್, ಹೊಸ ಫೇಶಿಯಲ್ ಬೇಡ್ವೇ ಬೇಡ. ಹಣೇಲಿ ಸ್ಟಿಕ್ಕರ್ ಇಡೋ ಜಾಗದಲ್ಲಿ ತುರಿಕೆ ಇದ್ರೆ ಅದರ ಅಂಟು ಆಗದೇ ಇರಬಹುದು, ಅವತ್ತು ಕುಂಕುಮ ಇಟ್ಕೊಳಿ.

ರಾತ್ರಿ ಎಷ್ಟೇ ಸುಸ್ತಾಗಿದ್ರೂ ತೆಗೆದೇ ಮಲಗಿ, ಮೊದ್ಲು ಕ್ಲೆನ್ಸಿಂಗ್ ಆಯಿಲ್, ಆಮೇಲೆ ಫೇಸ್‌ವಾಶ್. ಕಾಡಿಗೆ ಮೇಲೆ ಅದೇ ಆಯಿಲಲ್ಲಿ ನೆನೆಸಿದ ಹತ್ತಿ 15 ಸೆಕೆಂಡ್ ಇಟ್ಟು ಕೆಳಕ್ಕೆ ಒರೆಸಿ.