ಅಮ್ಮ ಸ್ವಲ್ಪ ಹೊರಗೆ ಕೂತಿರಲಿ

ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಹದಿಹರೆಯದವರ ಆಪ್ತಸಮಾಲೋಚಕಿ. ನಮ್ಮಲ್ಲಿ ಮಂಗಳವಾರ ಮನೋಚೈತನ್ಯ ಕಾರ್ಯಕ್ರಮದಡಿ ಜಿಲ್ಲೆಯಿಂದ ಮನೋವೈದ್ಯರು ಬರುತ್ತಾರೆ. ಅವತ್ತು ಆ ಕೋಣೆಯ ಮುಂದೆ ಕೂತರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಮದುವೆ ವಯಸ್ಸಿಗೆ ಬಂದ ಮಗಳನ್ನು ಯಾವ ತಾಯಿ ಅಲ್ಲಿ ಕೂರಿಸುತ್ತಾಳೆ? ಅದಕ್ಕೇ ನಾನು ಕೂರುವುದು ಸ್ನೇಹ ಕ್ಲಿನಿಕ್‌ನಲ್ಲಿ. 10ರಿಂದ 19 ವರ್ಷದವರಿಗಾಗಿ ಇರುವ ಈ ಕೋಣೆಗೆ ಮುಟ್ಟಿನ ಹೊಟ್ಟೆನೋವು, ರಕ್ತ ಕಮ್ಮಿ, ಮೊಡವೆ ಅಂತ ಯಾರು ಬೇಕಾದರೂ ಬರಬಹುದು. ಐರನ್ ಮಾತ್ರೆಯ ಚೀಟಿ ಕೈಯಲ್ಲಿದ್ದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ.

ಬರುವವರೂ ಮನಸ್ಸಿನ ಮಾತು ಎತ್ತುವುದಿಲ್ಲ. ತಲೆಭಾರ, ಎದೆ ಡವಡವ, ಕೈಕಾಲು ಜೋಮು, ಊಟ ಸೇರಲ್ಲ. ಅಷ್ಟರಲ್ಲಿ ತಾಯತ ಕಟ್ಟಿಸಿ ಆಗಿರುತ್ತದೆ, ಇಸಿಜಿಯೂ ಆಗಿರುತ್ತದೆ. ನಾನು ತಾಯತದ ಸುದ್ದಿಗೆ ಹೋಗುವುದಿಲ್ಲ. ಅದನ್ನು ಬಿಚ್ಚಿಸಲು ಹೊರಟರೆ ಮುಂದಿನ ವಾರ ಅವರೇ ಬರುವುದಿಲ್ಲ. ನಿದ್ದೆಯಿಂದ ಶುರು ಮಾಡುತ್ತೇನೆ: ಎಷ್ಟು ಹೊತ್ತಿಗೆ ಮಲಗುತ್ತೀಯ, ಬೆಳಗಿನ ಜಾವ ಎಚ್ಚರ ಆಗುತ್ತದಾ, ಆಗ ತಲೆಯಲ್ಲಿ ಏನು ಓಡುತ್ತದೆ. ಈ ಮೂರನೇ ಪ್ರಶ್ನೆಗೆ ಹುಡುಗಿ ಅಮ್ಮನ ಮುಖ ನೋಡುತ್ತಾಳೆ. ಉತ್ತರ ಕೊಡುವುದು ಅಮ್ಮ.

ಆಗ ಹೇಳುತ್ತೇನೆ, "ಅಮ್ಮಾ, ಈ ವಯಸ್ಸಿನ ಎಲ್ಲರ ಹತ್ತಿರವೂ ನಾನು ಸ್ವಲ್ಪ ಹೊತ್ತು ಒಬ್ಬರೇ ಇರುವಾಗ ಮಾತಾಡ್ತೀನಿ. ನೀವು ಹೊರಗೆ ಕೂತಿರಿ, ಆಮೇಲೆ ನಿಮ್ಮ ಜೊತೆಗೂ ಮಾತಾಡೋಣ." 'ಎಲ್ಲರ ಹತ್ತಿರವೂ' ಅನ್ನುವುದು ಮುಖ್ಯ. ಇಲ್ಲದಿದ್ದರೆ ಮಗಳು ಏನೋ ಮುಚ್ಚಿಟ್ಟಿದ್ದಾಳೆ ಅನ್ನುವ ಅನುಮಾನ ಅಲ್ಲೇ ಹುಟ್ಟುತ್ತದೆ. ಬಾಗಿಲು ಪೂರ್ತಿ ಹಾಕುವುದಿಲ್ಲ, ಕಾಣಬೇಕು, ಕೇಳಬಾರದು. ಫ್ಯಾನ್ ಜೋರಾಗಿ ಹಾಕಿಬಿಡುತ್ತೇನೆ.

ಅಮ್ಮ ಎದ್ದು ಹೋದ ಕೂಡಲೇ ಗುಟ್ಟಿನ ಕರಾರು. ನೀನು ಹೇಳಿದ್ದು ನನ್ನಲ್ಲೇ ಇರುತ್ತದೆ. ಆದರೆ ನಿನ್ನ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಅನ್ನಿಸಿದರೆ ಮನೆಯವರಿಗೆ ಹೇಳಲೇಬೇಕು. ನಿನಗೆ 18 ತುಂಬಿಲ್ಲ, ಯಾರಾದರೂ ಕೆಟ್ಟದಾಗಿ ಮೈ ಮುಟ್ಟಿದ್ದಾರೆ ಅಂತ ಗೊತ್ತಾದರೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೋ ಕಾಯ್ದೆ ಪ್ರಕಾರ ನಾನು ದೂರು ಕೊಡಲೇಬೇಕು. ಇದನ್ನು ಕೇಳಿ ಕೆಲವರು ಬಾಯಿ ಮುಚ್ಚಿಕೊಳ್ಳುತ್ತಾರೆ, ನಿಜ. ಆದರೂ ಮೊದಲೇ ಹೇಳುತ್ತೇನೆ. ಎಲ್ಲ ಬಿಚ್ಚಿಟ್ಟ ಮೇಲೆ 'ಈಗ ಪೊಲೀಸರಿಗೆ ಹೇಳಬೇಕು' ಅಂದರೆ ಆ ಮಗು ಇನ್ನು ಯಾರನ್ನೂ ನಂಬುವುದಿಲ್ಲ.

ಸಾಯುವ ಯೋಚನೆಯ ಬಗ್ಗೆ ನೇರವಾಗಿಯೇ ಕೇಳುತ್ತೇನೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಅನ್ನುವುದು ಶಿಕ್ಷಕರಿಗೂ ಇರುವ ಭಯ. ಹಾಗಾಗುವುದಿಲ್ಲ. ಪಿಯು ಓದುತ್ತಿದ್ದ ಹುಡುಗನೊಬ್ಬ (ಗುರುತು ಸಿಗದಂತೆ ಹೇಳುತ್ತಿದ್ದೇನೆ) ಈ ಪ್ರಶ್ನೆ ಬಂದಾಗ ಉಸಿರು ಬಿಟ್ಟು, "ಯಾರಾದ್ರೂ ಕೇಳ್ತಾರೇನೋ ಅಂತಿದ್ದೆ ಮೇಡಂ" ಅಂದ. ಅವನ ಒಪ್ಪಿಗೆ ಪಡೆದು ಅಪ್ಪನನ್ನು ಒಳಗೆ ಕರೆದೆ. ರೈತರು. ಬೆಳೆಗೆ ಹೊಡೆಯುವ ಔಷಧಿ ಎಲ್ಲಿಟ್ಟಿದ್ದೀರಿ ಅಂದೆ. ಹಿತ್ತಿಲ ಕೋಣೆಯಲ್ಲಿ, ಬೀಗವಿಲ್ಲ. ಅವತ್ತಿನ ಸಮಾಲೋಚನೆಯ ಅರ್ಧ ಭಾಗ ಹೋದದ್ದು ಒಂದು ಬೀಗದ ಮೇಲೆ: ಡಬ್ಬಗಳೆಲ್ಲ ಪೆಟ್ಟಿಗೆಗೆ ಸೇರಬೇಕು, ಕೀಲಿ ಅಪ್ಪನ ಉಡಿದಾರದಲ್ಲಿ, ಮಿಕ್ಕಿದ್ದನ್ನು ಮನೆಗೆ ತರಬಾರದು, ಮನೋವೈದ್ಯರು ಕೊಡುವ ಮಾತ್ರೆ ಅಮ್ಮನ ಕೈಯಲ್ಲಿ. ಆ ಗಳಿಗೆಯ ಆವೇಗ ಬಹಳ ಸಲ ಸ್ವಲ್ಪ ಹೊತ್ತಿನದು. ಅಷ್ಟು ಹೊತ್ತು ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ.

ಮಗ ಹಾಗೇನಾದರೂ ಮಾಡಿಕೊಳ್ಳಲು ಹೋದರೆ ಪೊಲೀಸ್ ಕೇಸಾಗುತ್ತದೆ ಅನ್ನುವ ಹೆದರಿಕೆಯೂ ಅಪ್ಪನಿಗಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷೆ ಮಾಡುವಂತಿಲ್ಲ. ಇದನ್ನು ತಾಳ್ಮೆಯಿಂದ ಹೇಳಬೇಕು, ಏಕೆಂದರೆ ಕೇಸಿಗೆ ಹೆದರಿ ಆಸ್ಪತ್ರೆಗೆ ಕರೆತರುವುದನ್ನೇ ತಡಮಾಡುವ ಮನೆಗಳಿವೆ.

ರಾತ್ರಿ ಹೊತ್ತಿಗೆ ಟೆಲಿ ಮಾನಸ್, ಅಂದರೆ ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ, 14416. 2022ರ ಅಕ್ಟೋಬರ್‌ನಿಂದ ಇದೆ, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ನಂಬರ್ ಬರೆದುಕೊಟ್ಟು ಸುಮ್ಮನಾಗದೆ ನನ್ನೆದುರಿಗೇ ಒಮ್ಮೆ ಕರೆ ಮಾಡಿಸುತ್ತೇನೆ. ಆ ಕಡೆಯಿಂದ 'ಹೇಳಿ' ಅನ್ನುವ ದನಿ ಒಮ್ಮೆ ಕೇಳಿದವರಿಗೆ ಎರಡನೇ ಸಲ ಮಾಡುವುದು ಸುಲಭ. ಅಣ್ಣನ ಫೋನ್ ಬಳಸುವ ಹುಡುಗಿಯರಿಗೆ ಕಾಲ್ ಲಿಸ್ಟ್ ಅಳಿಸುವುದನ್ನೂ ತೋರಿಸಿಕೊಡುತ್ತೇನೆ.

ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆ ಸ್ಫೂರ್ತಿ ಭಾಷಣ ಇಡಿಸಿ ಕೈ ತೊಳೆದುಕೊಳ್ಳುವುದರಲ್ಲಿ ನನಗೆ ನಂಬಿಕೆಯಿಲ್ಲ. ಫಲಿತಾಂಶದ ದಿನ ಫೇಲಾದವರ ಮನೆಗೆ ಒಬ್ಬ ಉಪನ್ಯಾಸಕರು ಫೋನ್ ಮಾಡಿ 'ಎರಡನೇ ಪರೀಕ್ಷೆ ಇದೆ, ನಾಳೆ ಬಾ, ಅರ್ಜಿ ತುಂಬೋಣ' ಅಂದರೆ ಅದರ ಬೆಲೆಯೇ ಬೇರೆ. ಒಂದು ಕಾಲೇಜಿನವರು ಹೆಸರು ಹಂಚಿಕೊಂಡು ಮಾಡುತ್ತಿದ್ದಾರೆ.

2023ರಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರು ಯಾರಿಗೂ ಕೈಚಾಚದೆ ಎರಡನೇ, ಮೂರನೇ ಭೇಟಿಗೆ ತಾವೇ ಬರುತ್ತಿದ್ದಾರೆ. ಹುಡುಗರು ಕಮ್ಮಿ. ಗ್ಯಾರೇಜಿನಲ್ಲಿ ದುಡಿಯುವವನು ಬಂದರೆ ಅವತ್ತಿನ ಕೂಲಿ ಹೋಗುತ್ತದೆ, ಯಜಮಾನನಿಗೆ ಕಾರಣವನ್ನೂ ಹೇಳಬೇಕು. ಅದಕ್ಕೆ ಗುರುವಾರ ಸಂಜೆ ಐಟಿಐ ಪಕ್ಕದ ಗರಡಿಮನೆಗೆ ನಾನೇ ಹೋಗುತ್ತೇನೆ. ಅಲ್ಲಿ ಮಾತು ಶುರುವಾಗುವುದು ನಿದ್ದೆಯಿಂದಲ್ಲ, ಕುಡಿತದಿಂದ, ಅದೂ ಯಾವಾಗಲೂ 'ನನ್ನ ಫ್ರೆಂಡ್ ಒಬ್ಬ' ಅಂತ.